ಕುಡ್ತೆಯ ಲೆಕ್ಕ

ಹೋದ ವಾರ ಊರಿನಿಂದ ಅಮ್ಮ ಫೋನ್ ಮಾಡಿದ್ದರು. ಮಳೆಯ ಸುದ್ದಿ, ತೋಟದಲ್ಲಿ ಕೊಳೆರೋಗಕ್ಕೆ ಉದುರುತ್ತಿರುವ ಅಡಿಕೆಯ ಸುದ್ದಿ ಎಲ್ಲ ಮುಗಿದ ಮೇಲೆ, ಫೋನ್ ಇಡುವ ಹೊತ್ತಿಗೆ ಒಂದು ಮಾತು ಸೇರಿಸಿದರು: "ಗೌರಿ ಈ ವಾರ ಒಂದು ಕುಡ್ತೆ ಹಾಲು ಕಮ್ಮಿ ಮಾಡಿದ್ದಾಳೆ." ಗೌರಿ ನಮ್ಮ ಹಟ್ಟಿಯ ಹಸು. ಕಮ್ಮಿಯಾದದ್ದು ಎಷ್ಟೆಂದು ನಾನು ಬಿಡಿಸಿ ಕೇಳಬೇಕಾಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿರುವ ಆ ಹಿತ್ತಾಳೆಯ ಪಾತ್ರೆ, ಅದರಿಂದ ಹಾಲು ಬಗ್ಗಿಸುವಾಗ ಅಮ್ಮನ ಮಣಿಕಟ್ಟು ತಿರುಗುವ ಬಗೆ, ಆ ಬಗ್ಗಿಸುವಿಕೆಯಲ್ಲಿ ಒಂದು ಸಲ ಕಡಿಮೆಯಾದದ್ದು ಎಲ್ಲವೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಬೆಂಗಳೂರಿನಲ್ಲಿ ಇಷ್ಟು ವರ್ಷಗಳಿಂದ ಅರ್ಧ ಲೀಟರಿನ ಪೊಟ್ಟಣದ ಹಾಲು ಕೊಳ್ಳುತ್ತಿರುವ ನನಗೆ ಅವರು ಅದೇ ಸಂಗತಿಯನ್ನು ಮಿಲಿಲೀಟರಿನಲ್ಲಿ ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲವೆಂದಲ್ಲ, ಆದರೆ ಅರ್ಥ ಮಾಡಿಕೊಳ್ಳಲು ಒಂದು ಗಳಿಗೆ ಬೇಕಾಗುತ್ತಿತ್ತು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮನೆಗಳಲ್ಲಿ ಬೆಳೆದವರಿಗೆ ಕುಡ್ತೆಯನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಹಾಲಿಗೆ, ತೆಂಗಿನೆಣ್ಣೆಗೆ, ದೀಪದ ಎಣ್ಣೆಗೆ, ಒಮ್ಮೊಮ್ಮೆ ಅಡುಗೆಮನೆಯ ಅಕ್ಕಿಗೂ ಅದೇ ಅಳತೆ. ಕನ್ನಡ ಮಾತಾಡುವ ಮನೆಯಲ್ಲಿ 'ಒಂದು ಕುಡ್ತೆ ಹಾಲು', ತುಳು ಮಾತಾಡುವ ಮನೆಯಲ್ಲಿ 'ಒಂಜಿ ಕುಡ್ತೆ ಪೇರ್'. ಭಾಷೆ ಬದಲಾದರೂ ಅಳತೆಯ ಹೆಸರು ಬದಲಾಗುವುದಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಕುಡ್ತೆಗೆ ಒಂದು ಸೇರು ಎಂಬ ಲೆಕ್ಕವಿತ್ತು. ಲೀಟರಿನ ಭಾಷೆಯಲ್ಲಿ ಕೇಳಿದವರಿಗೆ ಕಾಲು ಲೀಟರಿಗಿಂತ ಕೊಂಚ ಕಡಿಮೆ ಎಂದು ಉತ್ತರಿಸುತ್ತೇವೆ. ನಮ್ಮ ಪಾತ್ರೆಯನ್ನು ನಾನೊಮ್ಮೆ ಗುರುತುಗಳಿರುವ ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿದ್ದೇನೆ: 210 ಮಿಲಿಲೀಟರಿನ ಗೀಟನ್ನು ಮುಟ್ಟಿ ನಿಂತಿತು. ಪಕ್ಕದ ಮನೆಯ ಕುಡ್ತೆಯನ್ನು ತಂದು ಅಳೆದಿದ್ದರೆ ಇನ್ನೊಂದು ಅಂಕಿ ಬರುತ್ತಿತ್ತು, ಅದರ ವಿಚಾರಕ್ಕೆ ಮುಂದೆ ಬರುತ್ತೇನೆ.

ಘಟ್ಟದ ಮೇಲಿನ ಸ್ನೇಹಿತರಿಗೆ ಕುಡ್ತೆ ಎಂದರೆ ತಿಳಿಯುವುದಿಲ್ಲ. ಅವರದು ಪಾವು, ಅಚ್ಚೇರು, ಚಟಾಕು. ಅವರ ಅಜ್ಜಿಯರು ಪಾವು ಹಾಲು ತರಿಸುತ್ತಿದ್ದರು, ಚಟಾಕು ಎಣ್ಣೆ ತರಿಸುತ್ತಿದ್ದರು. ಈ ಹೆಸರುಗಳನ್ನು ಕುಡ್ತೆಯ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ನನಗೆ ಎದ್ದು ಕಂಡಿತು. ಪಾವು ಎಂಬ ಮಾತಿನ ಅರ್ಥವೇ ಕಾಲು ಭಾಗ, ಅಂದರೆ ಸೇರಿನ ಕಾಲು. ಅಚ್ಚೇರು ಅರ್ಧ ಸೇರು. ಚಟಾಕೂ ಅಷ್ಟೇ, ಬ್ರಿಟಿಷರ ಕಾಲದ ತೂಕದ ಲೆಕ್ಕದಲ್ಲಿ 80 ತೊಲಕ್ಕೆ ಒಂದು ಸೇರು, 5 ತೊಲಕ್ಕೆ ಒಂದು ಚಟಾಕು, ಎಂದರೆ ಸೇರಿನ ಹದಿನಾರರಲ್ಲಿ ಒಂದು ಪಾಲು. ಇವೆಲ್ಲ ಸೇರನ್ನು ಒಡೆದು ಹುಟ್ಟಿದ ಅಳತೆಗಳು, ಸೇರನ್ನು ತೆಗೆದುಬಿಟ್ಟರೆ ಅವುಗಳಿಗೆ ನೆಲೆಯಿಲ್ಲ. ಕುಡ್ತೆಯ ಹೆಸರು ಮಾತ್ರ ಸೇರಿನ ಹಂಗಿನಲ್ಲಿಲ್ಲ. ಅದು ಬಂದದ್ದು ಕೈಯಿಂದ.

ಕುಡಿತೆ, ಕುಡುತೆ ಎಂಬ ಹಳೆಯ ರೂಪಗಳಿಗೆ ಕನ್ನಡ ನಿಘಂಟುಗಳು ಕೊಡುವ ಅರ್ಥ ನೀರು ನಿಲ್ಲುವಂತೆ ತಗ್ಗು ಮಾಡಿ ಹಿಡಿದ ಅಂಗೈ ಎಂದು. ಕುಡಿ ಎಂಬ ಕ್ರಿಯಾಪದ ಅದರೊಳಗೆ ಹಾಗೆಯೇ ಕೂತಿದೆ. ಹೊಳೆಯ ಬದಿಯಲ್ಲಿ, ಬಾವಿಯ ಕಟ್ಟೆಯಲ್ಲಿ, ಪಾತ್ರೆಯಿಲ್ಲದ ಹೊತ್ತಿನಲ್ಲಿ ಮನುಷ್ಯ ಕುಡಿಯಲು ಏನನ್ನು ಚಾಚುತ್ತಾನೋ ಅದೇ ಕುಡಿತೆ. ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಳ್ಳಲು ಬಲಗೈಯನ್ನು ಗೋಕರ್ಣದ ಆಕಾರದಲ್ಲಿ ಬಗ್ಗಿಸಿ ಹಿಡಿಯುತ್ತೇವಲ್ಲ, ಆಗ ನಮ್ಮ ಕೈ ಆ ಹಳೆಯ ಮಾತಿನ ಅರ್ಥದಲ್ಲಿ ಕುಡಿತೆಯೇ ಆಗಿರುತ್ತದೆ. ಆ ಮಾತು ಕೈಯಿಂದ ಇಳಿದು ಲೋಹದ ಪಾತ್ರೆಗೆ ಅಂಟಿಕೊಂಡದ್ದು ಸಹಜವಾಗಿಯೇ ಇದೆ. ಚಿಟಿಕೆ, ಹಿಡಿ, ಸೇರೆ, ಬೊಗಸೆ ಎಂದು ಒಣಪದಾರ್ಥಕ್ಕೆ ಕೈಯೇ ಅಳತೆಯಾಗಿರುವಾಗ ದ್ರವಕ್ಕೂ ಒಂದು ಕೈಯಳತೆ ಬೇಕಾಗಿತ್ತು.

ಇದು ನಮ್ಮ ಕರಾವಳಿಯೊಂದರದೇ ಯೋಚನೆಯೂ ಅಲ್ಲ. ಆಯುರ್ವೇದದ ಮಾನಪರಿಭಾಷೆಯಲ್ಲಿ ಒಂದು ಕೈಯ ಬಗ್ಗಿಸಿದ ಅಂಗೈಗೆ ಪ್ರಸೃತಿ ಎಂದು ಹೆಸರು. ಎರಡು ಪ್ರಸೃತಿ ಸೇರಿದರೆ ಅಂಜಲಿ, ಎಂದರೆ ನಮ್ಮ ಬೊಗಸೆ. ಆ ಅಂಜಲಿಗೆ ಕುಡವ ಎಂಬ ಇನ್ನೊಂದು ಹೆಸರೂ ಇದೆ. ನಾಲ್ಕು ಕುಡವಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಕಷಾಯ, ತೈಲ ತಯಾರಿಸುವ ವೈದ್ಯರು ಕುಡವದಿಂದ ಮೇಲಿನ ಅಳತೆಗಳನ್ನು ದ್ರವಪದಾರ್ಥಕ್ಕೆ ಇಮ್ಮಡಿ ಮಾಡಿಕೊಳ್ಳಬೇಕೆಂಬ ನಿಯಮವೂ ಅಲ್ಲಿದೆ. ಒಂದೇ ಹೆಸರಿನ ಅಳತೆ ಒಣವಸ್ತುವಿಗೆ ಬೇರೆ, ದ್ರವಕ್ಕೆ ಬೇರೆ ಎಂಬುದನ್ನು ಅವರು ಮುಚ್ಚಿಡದೆ ನಿಯಮವನ್ನಾಗಿಯೇ ಮಾಡಿಕೊಂಡದ್ದು ನನಗೆ ಮೆಚ್ಚುಗೆಯಾದ ಸಂಗತಿ.

ಈ ಅರ್ಥ ತಿಳಿದ ಮೇಲೆ ಒಂದು ದಿನ ಊರಿನ ಬಾವಿಕಟ್ಟೆಯಲ್ಲಿ ಕೂತು ಪರೀಕ್ಷೆ ಮಾಡಿದೆ. ಕೊಡಪಾನದಿಂದ ಬೊಗಸೆಯಲ್ಲಿ ನೀರೆತ್ತಿ ಕುಡ್ತೆಗೆ ಬಿಟ್ಟೆ. ಬೆರಳ ಸಂದಿಯಿಂದ ಸೋರಿದ್ದು ಸೋರಿ ಉಳಿದ ನೀರು ಪಾತ್ರೆಯ ಅರ್ಧಕ್ಕಿಂತ ತುಸು ಮೇಲೆ ಬಂತು; ಎರಡನೆಯ ಬೊಗಸೆಗೆ ಪಾತ್ರೆ ತುಂಬಿ ಅಂಚಿನಿಂದ ಹೊರಚೆಲ್ಲಿತು. ಅಮ್ಮನ ಕೈ ನನ್ನದಕ್ಕಿಂತ ಸಣ್ಣದು. ಅವರು ಎತ್ತಿ ಬಿಟ್ಟಾಗ ಎರಡು ಬೊಗಸೆಗೆ ಕುಡ್ತೆ ಹೊರಚೆಲ್ಲದೆ, ಹೇಳಿ ಮಾಡಿಸಿದಂತೆ, ಅಂಚಿನವರೆಗೆ ಬಂದು ನಿಂತಿತು. ಒಂದು ಪರೀಕ್ಷೆಯಿಂದ ಯಾವ ಸಿದ್ಧಾಂತವನ್ನೂ ಕಟ್ಟುವಂತಿಲ್ಲ. ಆದರೂ ಒದ್ದೆಯಾದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಮ್ಮ ಆ ತುಂಬಿದ ಪಾತ್ರೆಯನ್ನು ನೋಡಿದ ನೋಟ ನನ್ನ ಮನಸ್ಸಿನಲ್ಲಿ ಉಳಿದಿದೆ.

ಕುಡ್ತೆಯನ್ನು ಬಳಸುವುದರಲ್ಲಿ ಒಂದು ಹದವಿದೆ, ಅದು ನೋಡಿ ಕಲಿಯಬೇಕಾದದ್ದು. ಅಕ್ಕಿಯನ್ನು ಸೇರಿನಲ್ಲಿ ಅಳೆಯುವಾಗ ಕೊಡುವವನ ಮನಸ್ಸು ಅಳತೆಯ ತಲೆಯ ಮೇಲೆ ಕಾಣುತ್ತದೆ. ಗೋಪುರದಂತೆ ತಲೆತುಂಬ ಕೊಡುವವರಿದ್ದಾರೆ, ಅಂಚಿನ ಮೇಲೆ ಅಂಗೈ ಎಳೆದು ಮಟ್ಟಸ ಮಾಡಿ ಕೊಡುವವರಿದ್ದಾರೆ. ಗೇಣಿ ಕೊಡುವಾಗಿನ ಸೇರು, ಸಾಲ ಕೊಡುವಾಗಿನ ಸೇರು ಎಂದು ಜಗಳಗಳೇ ಆಗುತ್ತಿದ್ದುದು ಈ ತಲೆಯ ವಿಷಯಕ್ಕೆ. ದ್ರವಕ್ಕೆ ಆ ಅವಕಾಶವಿಲ್ಲ. ಹಾಲು ತಾನಾಗಿಯೇ ಮಟ್ಟ ನೋಡಿಕೊಳ್ಳುತ್ತದೆ, ಅಂಚು ದಾಟಿದರೆ ಚೆಲ್ಲುತ್ತದೆ. ಹಾಗೆಂದು ಹಾಲಿನ ಅಳತೆ ಸುಲಭವೆಂದು ತಿಳಿಯಬಾರದು. ಆಗಷ್ಟೇ ಕರೆದ ಹಾಲಿನ ಮೇಲೆ ಎರಡು ಬೆರಳು ದಪ್ಪದ ನೊರೆ ನಿಂತಿರುತ್ತದೆ. ಆ ನೊರೆಯನ್ನೂ ಸೇರಿಸಿ ಕುಡ್ತೆ ತುಂಬಿತು ಎಂದು ಕೊಟ್ಟರೆ ಕೊಂಡುಹೋದವರ ಮನೆ ತಲಪುವಷ್ಟರಲ್ಲಿ ಹಾಲು ಕೆಳಗಿಳಿದಿರುತ್ತದೆ. ಅಜ್ಜಿ "ನೊರೆ ಕೂರಲಿ" ಎಂದು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಬಂದವರೊಡನೆ ಮಾತಾಡುತ್ತಿದ್ದರು. ಕರು ಹೇಗಿದೆ, ಮಗಳ ಮನೆಯಿಂದ ಕಾಗದ ಬಂತೇ, ಗದ್ದೆ ನೆಟ್ಟಾಯಿತೇ ಎಂದು ಕೇಳುವುದರೊಳಗೆ ನೊರೆ ಕೂರುತ್ತಿತ್ತು. ಆಮೇಲೆ ಮತ್ತೆ ಅಂಚಿನವರೆಗೆ ತುಂಬಿ ಬಗ್ಗಿಸಿ, ಕೊನೆಗೆ ಗಿಂಡಿಯಿಂದ ನೇರವಾಗಿ ಇನ್ನೊಂದು ಸಣ್ಣ ಸುರಿ ಸೇರಿಸುತ್ತಿದ್ದರು. ಅದಕ್ಕೆ ಕೊಸರು ಎಂದು ಹೆಸರು. ಕೊಸರು ಹಾಕದೆ ಹಾಲು ಕೊಟ್ಟರೆ ಲೆಕ್ಕಕ್ಕೆ ಸರಿಯಾದೀತು, ಮನಸ್ಸಿಗೆ ಸರಿಯಾಗದು ಎಂದು ಅವರ ನಂಬಿಕೆ.

ಎಣ್ಣೆಯ ಕಷ್ಟ ಬೇರೆ. ಎಣ್ಣೆ ಪಾತ್ರೆಯ ಒಳಮೈಗೆ ಅಂಟಿಕೊಂಡು ನಿಲ್ಲುತ್ತದೆ. ಗಾಣದಲ್ಲಿ ತೆಂಗಿನೆಣ್ಣೆ ಅಳೆದು ಕೊಡುತ್ತಿದ್ದ ಹಿರಿಯರೊಬ್ಬರು ಬಾಟಲಿಯ ಬಾಯಿಗೆ ಲಾಳಿಕೆ ಇಟ್ಟು, ಕುಡ್ತೆಯನ್ನು ಅದರ ಮೇಲೆ ಬೋರಲು ಹಾಕಿ, ಧಾರೆ ನೂಲಾಗಿ, ನೂಲು ಹನಿಯಾಗಿ, ಹನಿಗಳ ನಡುವಿನ ಹೊತ್ತು ಬೆಳೆಯುತ್ತ ಹೋಗುವವರೆಗೂ ಕೈ ಅಲುಗಿಸದೆ ಕಾಯುತ್ತಿದ್ದರು. ಚಿಕ್ಕವನಾಗಿದ್ದ ನನಗೆ ಆ ಕೊನೆಯ ಹನಿಯನ್ನು ನೋಡುವುದೇ ಒಂದು ಕೆಲಸ. ಮೊದಲ ಕುಡ್ತೆಗೆ ಮಾತ್ರ ಹೀಗೆ ಕಾಯಬೇಕಾಗುತ್ತದೆ. ಎಣ್ಣೆ ಒಮ್ಮೆ ಪಸರಿಸಿದ ಪಾತ್ರೆಯಲ್ಲಿ ಎರಡನೆಯದಕ್ಕೆ ಅಂಟಿದ್ದು ಅಷ್ಟಕ್ಕಷ್ಟೇ ಸರಿಹೋಗುತ್ತದೆ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ಚಳಿಗಾಲದ ಬೆಳಗುಗಳಲ್ಲಿ ಇನ್ನೊಂದು ತೊಡಕು. 24 ಡಿಗ್ರಿಯ ಆಸುಪಾಸಿನಿಂದ ಕೆಳಗಿಳಿದರೆ ತೆಂಗಿನೆಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಗಟ್ಟಿಯಾದ ಎಣ್ಣೆಯನ್ನು ಕುಡ್ತೆಯಲ್ಲಿ ತುಂಬಿದರೆ ಒಳಗೆಲ್ಲ ಪೊಳ್ಳು ಉಳಿಯುತ್ತದೆ, ಹಾಗಾಗಿ ಡಬ್ಬಿಯನ್ನು ಅಂಗಳದ ಬಿಸಿಲಿಗಿಟ್ಟು ಕರಗುವವರೆಗೂ ಅಳತೆಯನ್ನೇ ನಿಲ್ಲಿಸುತ್ತಿದ್ದರು.

ಎಣ್ಣೆಯ ಅಳತೆಗೆ ಕನ್ನಡನಾಡಿನಲ್ಲಿ ದೀರ್ಘವಾದ ಇತಿಹಾಸವಿದೆ. ದೇವಸ್ಥಾನದ ನಂದಾದೀವಿಗೆಗೆ ಗಾಣಗಳಿಂದ ಇಷ್ಟು ಸೊಲ್ಲಗೆ ಎಣ್ಣೆ, ಇಷ್ಟು ಮಾನ ಎಣ್ಣೆ ಸಲ್ಲಬೇಕೆಂದು ಕಲ್ಲಿನ ಮೇಲೆ ಕೆತ್ತಿಸಿದ ಶಾಸನಗಳಿವೆ. ಅಳತೆಯ ಹೆಸರನ್ನು ಕಲ್ಲಿನಲ್ಲಿ ಬರೆಸಿದವರಿಗೆ ಆ ಹೆಸರು ಸೂರ್ಯಚಂದ್ರರಿರುವವರೆಗೆ ಜನರ ಬಾಯಲ್ಲಿ ಉಳಿಯುತ್ತದೆಂಬ ಭರವಸೆ ಇದ್ದಿರಬೇಕು. ಸೊಲ್ಲಗೆ ಇಂದು ಬಹುಮಂದಿಯ ಬಾಯಲ್ಲಿಲ್ಲ. ನಮ್ಮೂರಿನ ದೇವಸ್ಥಾನಕ್ಕೆ ಸೋಮವಾರ ಎಣ್ಣೆ ಒಪ್ಪಿಸುವವರು ಇಂದಿಗೂ ಒಂದು ಕುಡ್ತೆ ಎಂದೇ ಹೇಳುತ್ತಾರೆ.

ಕುಡ್ತೆಯನ್ನು ಒಡೆಯುವ ಬಗೆಯೂ ಕೈಗೆ ಒಗ್ಗುವಂಥದು. ಅರ್ಧ ಕುಡ್ತೆ, ಕಾಲು ಕುಡ್ತೆ, ಒಂದೂವರೆ ಕುಡ್ತೆ. ಎರಡು ಒಂದೇ ಬಗೆಯ ಲೋಟಗಳಿದ್ದರೆ ಯಾವ ಗುರುತೂ ಇಲ್ಲದೆ ಯಾರಾದರೂ ಕುಡ್ತೆಯನ್ನು ಅರ್ಧ ಮಾಡಬಲ್ಲರು, ಅರ್ಧವನ್ನು ಮತ್ತೆ ಅರ್ಧ ಮಾಡಬಲ್ಲರು. ಹತ್ತು ಭಾಗ ಮಾಡಿ ಎಂದರೆ ಗೀಟುಗಳಿರುವ ಪಾತ್ರೆಯೇ ಬೇಕು. ನಮ್ಮ ಹಿರಿಯರ ಲೆಕ್ಕವೆಲ್ಲ ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧಿಸುತ್ತ ಇಳಿಯುವುದು ಸುಮ್ಮನೆ ಅಲ್ಲವೆಂದು ನನಗೆ ಅನ್ನಿಸಿದ್ದು ಹೀಗೆ ಹಾಲು ಹಂಚುವುದನ್ನು ನೋಡಿದ ಮೇಲೆ. ಅಜ್ಜಿ ಹಾಲಿನ ಲೆಕ್ಕವನ್ನು ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಯುತ್ತಿದ್ದರು. ಒಂದು ಮನೆಗೆ ಒಂದು ಸಾಲು. ಕುಡ್ತೆಗೆ ಒಂದು ಉದ್ದ ಗೀಟು, ಅರ್ಧ ಕುಡ್ತೆಗೆ ಗಿಡ್ಡ ಗೀಟು. ಅಕ್ಷರ ಬಾರದವರೂ ಬಂದು ತಮ್ಮ ಸಾಲನ್ನು ತಾವೇ ಎಣಿಸಿ ಒಪ್ಪಿಕೊಂಡು ಹೋಗುತ್ತಿದ್ದರು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂತು. ಅದೇ ವರ್ಷದ ನವೆಂಬರ್ 1ರಂದು ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ, ಲೀಟರುಗಳು ಬಂದವು. ಕೆಲವೇ ವರ್ಷಗಳೊಳಗೆ ರಾಜ್ಯ, ನಾಣ್ಯ, ತೂಕ, ಅಳತೆ ಎಲ್ಲವನ್ನೂ ಹೊಸದಾಗಿ ಕಲಿತ ಆ ತಲೆಮಾರಿನ ಬಗ್ಗೆ ನನಗೆ ದೊಡ್ಡ ಗೌರವವಿದೆ. ಇಂದಿನ ಕಾನೂನಿನ ಪ್ರಕಾರ ವ್ಯಾಪಾರದಲ್ಲಿ ಕುಡ್ತೆ, ಸೇರುಗಳಿಗೆ ಸ್ಥಾನವಿಲ್ಲ. ಅಂಗಡಿಯ ಅಳತೆಪಾತ್ರೆಗಳು 1 ಲೀಟರ್, 500, 200, 100, 50 ಮಿಲಿಲೀಟರ್ ಎಂಬ ಕ್ರಮದಲ್ಲಿರುತ್ತವೆ, ಸರ್ಕಾರದ ಮುದ್ರೆ ಹೊತ್ತಿರುತ್ತವೆ. ನಮ್ಮ ಕಡೆಯ ಜನ ಅವುಗಳಲ್ಲಿ 200 ಮಿಲಿಲೀಟರಿನದನ್ನು ಆರಿಸಿ ಕುಡ್ತೆ ಎಂದು ಕರೆದುಬಿಟ್ಟರು. ಮುದ್ರೆ ಸರ್ಕಾರದ್ದು, ಹೆಸರು ನಮ್ಮದು ಎಂಬಂತೆ ಆ ಪಾತ್ರೆ ಎರಡು ಲೆಕ್ಕವನ್ನೂ ಒಟ್ಟಿಗೆ ಹೊತ್ತು ನಡೆದಿದೆ.

ಲೀಟರ್ ಬಂದದ್ದು ಕೆಟ್ಟದ್ದಾಯಿತೆಂದು ನಾನು ಹೇಳಲಾರೆ. ಪಕ್ಕದ ಮನೆಯ ಕುಡ್ತೆಯ ಮಾತಿಗೆ ಈಗ ಬರುತ್ತೇನೆ. ನನ್ನ ಬಾಲ್ಯದಲ್ಲಿ ಪೇಟೆಯ ಒಂದು ಹೋಟೆಲಿಗೆ ನಮ್ಮ ಮನೆಯಿಂದ ಹಾಲು ಹೋಗುತ್ತಿತ್ತು. ಕೊಳ್ಳಲು ಬರುವವರು ತಮ್ಮದೇ ಕುಡ್ತೆ ತರುತ್ತಿದ್ದರು. ಹಸು ಕೊಟ್ಟ ಹಾಲಿಗೂ ಅವರು ಬರೆದುಕೊಂಡ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲವೆಂದು ಅಜ್ಜಿಗೆ ಅನುಮಾನ ಬಂದು, ಒಂದು ಬೆಳಗ್ಗೆ ಅವರ ಕುಡ್ತೆಯಲ್ಲಿ ತುಂಬಿದ ಹಾಲನ್ನು ನಮ್ಮ ಕುಡ್ತೆಗೆ ಬಗ್ಗಿಸಿದರು. ನಮ್ಮದು ತುಂಬಿ ಕಟ್ಟೆಯ ಮೇಲೆ ಹಾಲು ಹರಿಯಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎತ್ತರ, ಒಂದೇ ಬಾಯಗಲ. ಅವರದು ತಳದಲ್ಲಿ ಹೊರಕ್ಕೆ ಉಬ್ಬಿಕೊಂಡಿತ್ತು. ಅಜ್ಜಿ ಒಂದು ಮಾತೂ ಆಡದೆ ಹಾಲನ್ನು ಒರೆಸಿ, ಮರುದಿನದಿಂದ ನಮ್ಮ ಪಾತ್ರೆಯಲ್ಲೇ ಅಳೆದು ಕೊಟ್ಟರು. ಆದರೆ ಎಷ್ಟು ತಿಂಗಳ ಹಾಲು ಹಾಗೆ ಹೋಗಿತ್ತೆಂಬುದಕ್ಕೆ ಲೆಕ್ಕವಿರಲಿಲ್ಲ. ಪರಿಚಯವಿದ್ದವರ ನಡುವೆ ಮನೆಯಳತೆ ನಡೆಯುತ್ತದೆ, ಪರಿಚಯ ತಪ್ಪಿದಲ್ಲಿ ಬಡವರಿಗೆ ಮುದ್ರೆಯೇ ಆಸರೆ. ನಮ್ಮೂರಿಗೆ ಹಾಲಿನ ಸೊಸೈಟಿ ಬಂದ ಮೇಲೆ ಎಲ್ಲರ ಎದುರಿಗೆ ಲೀಟರಿನಲ್ಲಿ ಅಳೆದು, ಜಿಡ್ಡಿನಂಶ ನೋಡಿ, ಪುಸ್ತಕದಲ್ಲಿ ಬರೆದುಕೊಡುವುದನ್ನು ಕಂಡು ಮೊದಲು ಸಮಾಧಾನಪಟ್ಟವರು ಅಜ್ಜಿಯೇ.

ಕುಡ್ತೆ ಹಿಂದೆ ಸರಿದದ್ದಕ್ಕೆ ಕಾನೂನೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮುಖ್ಯ ಕಾರಣ ಹಟ್ಟಿಯಲ್ಲೇ ಇದೆ. ನಮ್ಮ ಕಡೆಯ ಊರಹಸು ಎಂದರೆ ಮಲೆನಾಡು ಗಿಡ್ಡ. ಸಣ್ಣ ಮೈ, ಗುಡ್ಡ ಹತ್ತಿ ತಾನೇ ಮೇದು ಬರುವ ಸ್ವಭಾವ, ಮಳೆಗೂ ರೋಗಕ್ಕೂ ಜಗ್ಗದ ಜೀವ. ಅದು ಕೊಡುವ ಹಾಲು ದಿನಕ್ಕೆ ಒಂದೆರಡು ಲೀಟರ್, ಹೆಚ್ಚೆಂದರೆ ಮೂರು. ಕರುವಿಗೆ ಬಿಟ್ಟು ಹೊತ್ತಿಗೆ ನಾಲ್ಕು ಕುಡ್ತೆ ಕರೆದರೆ ಒಳ್ಳೆಯ ಕರಾವು. ಅದರಲ್ಲಿ ಒಂದು ಕುಡ್ತೆ ಮನೆಯ ಕಾಫಿಗೆ, ಎರಡು ಹೆಪ್ಪಿಗೆ, ಒಂದು ನೆರೆಮನೆಗೆ. ಅಂಥ ಹಸುವಿನ ಹಾಲನ್ನು ಲೀಟರಿನಲ್ಲಿ ಹೇಳಹೊರಟರೆ ದಶಾಂಶ ಬೇಕಾಗುತ್ತದೆ, ಕುಡ್ತೆಯಲ್ಲಿ ಹೇಳಿದರೆ ಬೆರಳೆಣಿಕೆ ಸಾಕು. ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಬಂದು ಹೊತ್ತಿಗೆ ಐದಾರು ಲೀಟರ್ ಕೊಡತೊಡಗಿದಾಗ, ಅದನ್ನು ಕುಡ್ತೆಯಲ್ಲಿ ಅಳೆಯುವುದು ಬಾವಿಯ ನೀರನ್ನು ಚೊಂಬಿನಲ್ಲಿ ಎತ್ತಿದಂತಾಯಿತು. ಕ್ಯಾನು ಬಂತು, ಸೊಸೈಟಿಯ ಲೀಟರ್ ಬಂತು. ಹಸುವಿನ ಗಾತ್ರಕ್ಕೆ, ಮನೆಯ ಬೇಕಿಗೆ, ಕೈಯ ಹಿಡಿತಕ್ಕೆ ಹೊಂದಿ ನಿಂತಿದ್ದ ಅಳತೆ, ಆ ಹಸು ಹೋದ ಮನೆಗಳಲ್ಲಿ ತಾನೂ ಮೂಲೆ ಸೇರಿತು. ನಮ್ಮ ಮನೆಯಲ್ಲಿ ಅದು ಉಳಿದಿದ್ದರೆ ಅದಕ್ಕೆ ಕಾರಣ ಗಿಡ್ಡ ತಳಿಯ ಗೌರಿಯೇ.

ಮಜ್ಜಿಗೆಗೆ ಮಾತ್ರ ಎಂದೂ ಕುಡ್ತೆಯ ಲೆಕ್ಕವಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಹಾಲು ಮಾರುವ ಮನೆಯವರೂ ಮಜ್ಜಿಗೆ ಮಾರುತ್ತಿರಲಿಲ್ಲ. ಕಡೆದ ದಿನ ಯಾರು ಪಾತ್ರೆ ತಂದರೂ ಅವರ ಪಾತ್ರೆಯೇ ಅಳತೆ. ದೊಡ್ಡ ಪಾತ್ರೆ ತಂದವರಿಗೆ ಅಜ್ಜಿ ನೀರು ಬೆರೆಸಿ ಕೊಡುತ್ತಿದ್ದರೇ ಹೊರತು ಕಡಿಮೆ ಕೊಡುತ್ತಿರಲಿಲ್ಲ.

ಅಮ್ಮನಿಗೆ ನಾನು ಫೋನಿನಲ್ಲಿ ಕೇಳಿದ್ದು ಒಂದೇ: ಹಾಗಾದರೆ ನೆರೆಮನೆಗೆ ಹಾಲು ಹೋಗುತ್ತಿದೆಯೇ? ಅಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದಾರೆ, ಅವರಿಗೆ ಪೊಟ್ಟಣದ ಹಾಲು ಒಗ್ಗುವುದಿಲ್ಲ. "ಅವರಿಗೆ ತಪ್ಪಿಸಿಲ್ಲ, ನಮ್ಮ ಹೆಪ್ಪಿಗೆ ಕಮ್ಮಿ ಮಾಡಿದ್ದೇನೆ" ಎಂದರು ಅಮ್ಮ. ಗೌರಿ ತುಂಬು ಗಬ್ಬ. ಇನ್ನು ಕೆಲವು ದಿನಗಳಲ್ಲಿ ಕರೆಯುವುದನ್ನೇ ನಿಲ್ಲಿಸಿ ಬತ್ತಿಸಬೇಕು. ದೀಪಾವಳಿಯ ಹೊತ್ತಿಗೆ ಕರು ಹಾಕಬಹುದು, ಗಿಣ್ಣು ಹಾಲು ಮುಗಿದ ಮೇಲೆ ಹೊತ್ತಿಗೆ ಐದು ಕುಡ್ತೆಯಾದರೂ ಸಿಗುತ್ತದೆಂದು ಅವರ ಅಂದಾಜು. ಅಲ್ಲಿಯವರೆಗೆ ಆ ಅಜ್ಜಿಗೆ ಬೇಕಾದ ದಿನದ ಒಂದು ಕುಡ್ತೆಯನ್ನು ಮೇಲಿನ ಮನೆಯವರ ಹಟ್ಟಿಯಿಂದ ಕೊಡಿಸುವುದೆಂದು ಮಾತಾಗಿದೆ.